ಬಾಯಿಬಿಡದಮ್ಮನ ದಿಣ್ಣೆ

ಮುತ್ತಿಗೆಹಾಳಿನ ಮೂಡಲಿಗೆ, ಹಳ್ಳ ದಾಟಿದೊಡನೆ ಸಿಗುವ ಬೋಳು ದಿಣ್ಣೆಗೆ ಬಾಯಿಬಿಡದಮ್ಮನ ದಿಣ್ಣೆ ಎಂದು ಹೆಸರು. ನೆತ್ತಿಯ ಮೇಲೆ ಆಳೆತ್ತರವೂ ಇಲ್ಲದ ಕಲ್ಲುಗುಡಿ. ಗುಡಿಯ ಮುಂದೆ ನೆಲದಲ್ಲಿ ಕುತ್ತಿಗೆವರೆಗೆ ಹೂತ ಏಳು ಮಣ್ಣಿನ ಗುಡಾಣಗಳು, ಎಲ್ಲವೂ ಒಡೆದವು. ಅವುಗಳ ಅಂಚನ್ನು ಉಗುರಿನಿಂದ ಕೆರೆದರೆ ಇಂದಿಗೂ ನೀಲಿ ಪುಡಿ ಉದುರುತ್ತದೆ. ಯಾರು ಎಷ್ಟು ಕಾಡಿದರೂ ಕಸುಬಿನ ಗುಟ್ಟು ಬಿಟ್ಟುಕೊಡದ ಮಹಾತಾಯಿ ಈಕೆ ಎಂದು ಪೂಜಾರಿ ಹೇಳುತ್ತಾನೆ, ಬಂದವರು ಕೈ ಮುಗಿಯುತ್ತಾರೆ. ಮುಗಿಯಲಿ ಪಾಪ, ಬೇಡ ಅನ್ನುವವರು ಯಾರು? ಆದರೆ ಇಷ್ಟು ಒಪ್ಪ ಮಾಡಿಟ್ಟ ಹೆಸರಿನ ಮೇಲೆ ಊರಿನ ಹಳಬರಿಗೆ ಮೊದಲಿನಿಂದಲೂ ಗುಮಾನಿ. ಹೆಸರು ಕೇಳುವ ಮೊದಲು ಹೆಸರಿಟ್ಟವನು ಯಾರು ಅಂತ ಕೇಳಿ ಎನ್ನುತ್ತಾರೆ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಈ ಊರಿನ ನೀಲಿ ಬಟ್ಟೆಗೆ ದೂರದೂರದ ಸಂತೆಗಳಲ್ಲಿ ಗಿರಾಕಿಗಳಿದ್ದರಂತೆ. ನೀಲಿ ಎಂದರೆ ಅದ್ದಿ ತೆಗೆದರೆ ಆಗುವ ಬಣ್ಣವಲ್ಲ. ಗುಡಾಣದೊಳಗೆ ಅದು ಹುಳಿಯಬೇಕು, ಉಸಿರಾಡಬೇಕು. ಅದಕ್ಕೆ ಬಣ್ಣಗಾರರು ಹುಳಿ ಬಂದರೆ ಗುಡಾಣ ಎದ್ದಿದೆ, ಬಾರದಿದ್ದರೆ ಗುಡಾಣ ಮಲಗಿದೆ ಎಂದೇ ಮಾತಾಡುತ್ತಿದ್ದರು. ಎದ್ದಿದೆಯೋ ಇಲ್ಲವೋ ಎಂದು ಬೆರಳದ್ದಿ ನಾಲಿಗೆಗೆ ಹಚ್ಚಿ ನೋಡುವುದು ಗಂಡಸರ ಕೆಲಸ. ಹೆಂಗಸರು ನೀರು ಹೊರಬಹುದು, ಸುಣ್ಣ ಕುಟ್ಟಬಹುದು, ಬಟ್ಟೆ ಕಲ್ಲಿಗೆ ಬಡಿದು ಸೆಣೆಯಬಹುದು, ಗುಡಾಣದ ರುಚಿ ಮಾತ್ರ ನೋಡುವಂತಿರಲಿಲ್ಲ. ಪುಷ್ಯ, ಮಾಘದ ಚಳಿಗೆ ಊರಿನ ಗುಡಾಣಗಳೆಲ್ಲ ಮಲಗಿಬಿಡುತ್ತಿದ್ದವು. ಬೆಲ್ಲ ಸುರಿದರೂ ಏಳುತ್ತಿರಲಿಲ್ಲ. ಆ ವರ್ಷ ಮಾಘದಲ್ಲಿ ಏಳು ಗುಡಾಣ ಮಾತ್ರ ಎದ್ದು ಕೂತಿದ್ದವು. ಅವು ದಿಣ್ಣೆಯ ಮೇಲಿದ್ದ ಸಂಕವ್ವನವು. ಗಂಡ ಸತ್ತ ಮೇಲೆ ಅವನ ಕಸುಬನ್ನು ಒಬ್ಬಳೇ ನಡೆಸುತ್ತಿದ್ದವಳು, ಬೇರೆ ದಾರಿಯಿಲ್ಲದೆ ತಾನೇ ಬೆರಳದ್ದಿ ರುಚಿ ನೋಡುತ್ತಿದ್ದವಳು.

ಬಣ್ಣಗಾರರ ಯಜಮಾನ ಗವಿಸಿದ್ದಪ್ಪನಿಗೆ ತಲೆಯೊಳಗೆ ಅನುಮಾನದ ಹುಳ ಹೊಕ್ಕಿತು. ಹೆಂಡತಿ ಸಾರಿಗೆ ಉಪ್ಪು ಹಾಕಿದರೂ ಯಾಕೆ ಹಾಕಿದೆ ಅನ್ನುವ ಜಾತಿಯ ಮನುಷ್ಯ ಅವನು! ಯಾವನೋ ಪರಸ್ಥಳದವನು ಹೇಳಿಕೊಟ್ಟಿದ್ದಾನೆ ಅಂದುಕೊಂಡ. ಇಲ್ಲ, ಸುಡುಗಾಡಿನ ಬೂದಿ ಹಾಕುತ್ತಾಳೆ ಅಂದುಕೊಂಡ. ಕೊನೆಗೆ ತಡೆಯಲಾರದೆ ಅವಳನ್ನೇ ಮನೆಗೆ ಕರೆಸಿ, "ಸಂಕವ್ವಾ, ಗುಡಾಣಕ್ಕೆ ಏನು ಹಾಕ್ತೀಯ? ಸತ್ಯ ಹೇಳು" ಎಂದು ಕೇಳಿದ. ಅವಳು ಮುಚ್ಚುಮರೆಯಿಲ್ಲದೆ, "ತಗಚೆ ಬೀಜ ಬೇಯಿಸಿ ಹಾಕ್ತೀನಿ ಯಜಮಾನ್ರೇ, ಬೇಯಿಸಿದ ನೀರಿನ ಸಮೇತ. ನೀವೂ ಹಾಕಿ ನೋಡಿ" ಅಂದಳು. ಬಾಗಿಲ ಬಳಿ ಜೋಳ ಹಸನು ಮಾಡುತ್ತಿದ್ದ ಅವನ ಹೆಂಡತಿ ರುದ್ರವ್ವ ಈ ಮಾತನ್ನು ಕಿವಿಯಾರೆ ಕೇಳಿದಳು.

ಗವಿಸಿದ್ದಪ್ಪನಿಗೆ ಮೈಯೆಲ್ಲ ಉರಿಯಿತು. ತಗಚೆಯಂತೆ, ತಗಚೆ! ತಿಪ್ಪೆಯ ಮೇಲೆ ಹುಟ್ಟುವ ಗಿಡ, ದನವೂ ಬಾಯಿ ಹಾಕುವುದಿಲ್ಲ. ಅಜ್ಜ ಮುತ್ತಜ್ಜಂದಿರಿಗೆ ಹೊಳೆಯದ್ದು ತಿಪ್ಪೆಯಲ್ಲಿ ಸಿಕ್ಕಿತೇ ಇವಳಿಗೆ? ತನ್ನನ್ನು ಮಂಗ ಮಾಡುತ್ತಿದ್ದಾಳೆ ಎಂದು ಅವನಿಗೆ ಖಾತ್ರಿಯಾಯಿತು. ಮರುದಿನದಿಂದ ಅವಳ ಬೆನ್ನು ಹತ್ತಿದ. ಅವಳು ಹಳ್ಳದ ದಂಡೆಯಲ್ಲಿ ಒಣಗಿದ ತಗಚೆಕಾಯಿ ಕಿತ್ತು ಉಡಿಗೆ ತುಂಬಿಕೊಳ್ಳುವುದನ್ನು ಬೇಲಿಯ ಮರೆಯಿಂದ ಕಣ್ಣಾರೆ ಕಂಡ. ಕಂಡವನು ಏನು ತಿಳಿದುಕೊಂಡ ಗೊತ್ತೇ? ನಾನು ನೋಡುತ್ತಿರುವುದು ಇವಳಿಗೆ ಗೊತ್ತಾಗಿದೆ, ಅದಕ್ಕೇ ನಾಟಕ ಆಡುತ್ತಿದ್ದಾಳೆ ಎಂದು. ಅನುಮಾನಕ್ಕೆ ಮದ್ದು ಎಲ್ಲಿದೆ ಹೇಳಿ!

ಎಂಟು ದಿನದೊಳಗೆ ದಿಣ್ಣೆಯ ಮೇಲೆ ಬಣ್ಣಗಾರ ಗಂಡಸರೆಲ್ಲ ಸೇರಿದರು. ಗುಟ್ಟು ಹೇಳಬೇಕು, ಇಲ್ಲವೇ ಗುಡಾಣ ಒಡೆದು ಊರು ಬಿಡಿಸಬೇಕು ಎಂದು ತೀರ್ಮಾನ. "ನಾನು ಕೇಳಿಯಾಯಿತು. ಬಾಯಿ ಬಿಡಲಿಲ್ಲ" ಎಂದ ಗವಿಸಿದ್ದಪ್ಪ. ಅವನ ಲೆಕ್ಕದಲ್ಲಿ ಅದು ಸುಳ್ಳೂ ಅಲ್ಲ, ಸುಳ್ಳು ಹೇಳುವವಳು ಬಾಯಿ ಬಿಟ್ಟಂತೆ ಹೇಗಾದೀತು? ಸಂಕವ್ವ ಅವನ ಮುಖವನ್ನೇ ದಿಟ್ಟಿಸಿದಳು. "ಏನು ಹೇಳಿದೆ ಅಂತ ಯಜಮಾನ್ರನ್ನೇ ಕೇಳಿ" ಎಂದಳು. ಯಾರೂ ಕೇಳಲಿಲ್ಲ. ಅವಳು ಹದಿನಾಲ್ಕು ವರ್ಷ ದುಡಿದ ಗುಡಾಣಗಳು ಒಂದೊಂದಾಗಿ ಒಡೆಯುವ ಸದ್ದು ಕೇಳುತ್ತ, ಕಣ್ಣೀರು ಒರೆಸಿಕೊಳ್ಳುತ್ತ ನಿಂತಿದ್ದಳು. ಕಡೆಯದು ಒಡೆದ ಮೇಲೆ ಹಳ್ಳ ದಾಟಿ ಹೋದಳು.

ಮೂರು ಮಾಘ ಕಳೆದ ಮೇಲೆ ಒಬ್ಬ ವ್ಯಾಪಾರಿ ಹೊಳೆಯಾಚೆಯ ಊರಿನಿಂದ ಹೊಸ ನೀಲಿ ಬಟ್ಟೆ ತಂದ, ಅದೂ ಕೊರೆವ ಚಳಿಯಲ್ಲಿ. ಅಲ್ಲಿ ಗುಡಾಣಗಳನ್ನು ನಡೆಸುವವರೆಲ್ಲ ಹೆಂಗಸರಂತೆ, ಸಂಕವ್ವ ಎಂಬಾಕೆ ಕಲಿಸಿದಳಂತೆ, ಇನ್ನು ಇಲ್ಲಿಗೆ ಬರುವ ಕೆಲಸವಿಲ್ಲ ಎಂದು ಹೇಳಿ ಹೋದ. ಗವಿಸಿದ್ದಪ್ಪನಿಗೆ ಊಟ ಸೇರಲಿಲ್ಲ. ತಾನೇ ಹೋಗಿ ತಗಚೆ ಬೀಜ ತಂದು, ಬೇಯಿಸು ಎಂದು ರುದ್ರವ್ವನ ಮುಂದೆ ಸುರಿದ. "ಇದು ಸಂಕವ್ವ ಹೇಳಿದ್ದೇ ಅಲ್ವೇನ್ರೀ?" ಅಂದಳು ಆಕೆ. ಅವನು ಒಲೆಗೆ ಸೌದೆ ತುರುಕಿದ. ನಾಲ್ಕನೆಯ ದಿನ ಅವನ ಗುಡಾಣ ಎದ್ದಿತು. ಬೆರಳದ್ದಿ ನಾಲಿಗೆಗೆ ಹಚ್ಚಿದ, ಮತ್ತೊಮ್ಮೆ ಅದ್ದಿ ಹಚ್ಚಿದ.

ತಪ್ಪಾಯಿತು ಎಂದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ದಿಣ್ಣೆಯಲ್ಲಿ ಗುಡಿ ಕಟ್ಟಿಸಿದ. ಸಂಕವ್ವ ದೇವಿಯ ಅಂಶ, ಊರಲ್ಲಿದ್ದಾಗ ಬಾಯಿ ಬಿಡದವಳು ಈಗ ನನ್ನ ಕನಸಿನಲ್ಲಿ ಬಂದು ತಗಚೆ ಎಂದಳು ಎಂದು ಸಾರಿದ, ಬಾಯಿಬಿಡದಮ್ಮ ಎಂದು ಹೆಸರನ್ನೂ ಇಟ್ಟ. ಜೀವಂತ ಇದ್ದವಳಿಗೆ ಗುಡಿ! ಪ್ರತಿಷ್ಠೆಯ ದಿನ ನೆರೆದ ಜನರ ನಡುವೆ ರುದ್ರವ್ವ ಎದ್ದು ನಿಂತು, "ಹೇಳಿದ್ದಳು, ನಾನು ಕೇಳಿದ್ದೇನೆ" ಎಂದು ಕೂಗಿದಳು. ಪಾಪ, ಮೈಮೇಲೆ ಬಂದಿದೆ ಎಂದು ಜನ ಅವಳಿಗೆ ಕುಂಕುಮ ಹಚ್ಚಿ ಕೂರಿಸಿದರು.

ಆಕೆ ಬಿಡಲಿಲ್ಲ ಎನ್ನುತ್ತಾರೆ. ಪ್ರತಿ ಮಾಘದಲ್ಲೂ ಗುಡಿ ಸುತ್ತುತ್ತ ಅದನ್ನೇ ಹೇಳಿದಳು, ಆಕೆಯ ನಂತರ ಸೊಸೆಯಂದಿರು ಹೇಳಿದರು. ಈಗಲೂ ಮಾಘದ ಹುಣ್ಣಿಮೆಯ ಮಧ್ಯಾಹ್ನ ಹೋದರೆ, ಊರಿನ ಹೆಂಗಸರು ಗುಡಿಯ ಸುತ್ತ ತಿರುಗುತ್ತ "ಹೇಳಿದ್ದಳವ್ವ ಹೇಳಿದ್ದಳು" ಎಂದು ಗಟ್ಟಿಯಾಗಿ ಹೇಳುವುದನ್ನು ನೋಡಬಹುದು. ಹೊರಗಿನಿಂದ ಬಂದವರು ಅದನ್ನೊಂದು ಹಾಡು ಎಂದುಕೊಂಡು, ರಾಗ ಬಹಳ ಚೆನ್ನಾಗಿದೆ ಎಂದು ತಲೆದೂಗಿ ಹೋಗುತ್ತಾರೆ.