ಜೋನಿಯ ತವರು

"ಜೇನು" ಎಂದು ಚೀಟಿ ಅಂಟಿಸಿಕೊಂಡು ಜೇನಿನಂತೆ ಹರಿಯುವ ಜೋನಿಬೆಲ್ಲ ಪ್ರಯೋಗಾಲಯದ ಯಂತ್ರದ ಮುಂದೆ ನಿಂತಿತು.

ಪಕ್ಕದಲ್ಲಿದ್ದ ಜೇನುತುಪ್ಪ ಸಿಡುಕಿತು: "ನನ್ನ ಹೆಸರು ಕದ್ದವಳನ್ನು ಚರಂಡಿಗೆ ಸುರಿಯಿರಿ!"

"ಬಣ್ಣ ಒಂದೇ, ಅಂಟು ಒಂದೇ, ಸಿಹಿಯೂ ಒಂದೇ. ಯಾರಿಗೆ ಗೊತ್ತಾಗುತ್ತದೆ?" ಎಂದಿತು ಜೋನಿ.

"ನನಗೆ," ಎಂದಿತು ಯಂತ್ರ. "ನಾನು ಸಿಹಿ ನೋಡುವುದಿಲ್ಲ, ಇಂಗಾಲ ತೂಗುತ್ತೇನೆ. ಕಬ್ಬಿನ ಮಕ್ಕಳಲ್ಲಿ ಭಾರದ ಇಂಗಾಲ ತುಸು ಹೆಚ್ಚು, ಹೂವಿನ ಮಕ್ಕಳಲ್ಲಿ ಕಡಿಮೆ. ನಿನ್ನ ತವರು ಕಬ್ಬಿನ ಗದ್ದೆ."

ಜೋನಿ ಅಳುಕಿತು. "ಹಾಗಾದರೆ ನನಗೆ ಚರಂಡಿಯೇ ಗತಿಯೇ?"

"ಚರಂಡಿ ಸುಳ್ಳು ಚೀಟಿಗೆ. ತವರು ಹೇಳಿಕೊಂಡವರಿಗೆ ಅಡುಗೆಮನೆ ಇದೆ."

ಜೋನಿ ಚೀಟಿ ಕಿತ್ತೆಸೆದು ತನ್ನ ಹೆಸರನ್ನೇ ಬರೆಸಿಕೊಂಡಿತು. ಮರುದಿನ ಬೆಳಿಗ್ಗೆ ತಟ್ಟೆಯಲ್ಲಿದ್ದ ಬಿಸಿ ದೋಸೆ ಅದನ್ನು ಕಂಡು ಕೂಗಿತು: "ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ದೆ ಮಾರಾಯ್ತಿ? ಜೇನು ಸವರಿ ನನ್ನನ್ನು ಸಮಾಧಾನ ಮಾಡುತ್ತಿದ್ದರು!"