ಹಲ್ಲು ಮುರಿದ ಚಾಕು

“ಗುರುಗಳೇ, ಕ್ಷಮಿಸಿದ ಮೇಲೂ ಮನಸ್ಸಿನಲ್ಲಿ ಕಲೆ ಉಳಿಯುತ್ತದಲ್ಲ, ಅದನ್ನು ಅಳಿಸುವುದು ಹೇಗೆ?” ಎಂದು ಮರುಳಯ್ಯ ಕೇಳಿದ.

ಮರುಳಯ್ಯನ ತಂದೆ ಒಮ್ಮೆ ಕಳವು ಮಾಡಿ ಸೆರೆಮನೆಗೆ ಹೋಗಿದ್ದರು. ಅದನ್ನು ಅವನು ಮಠದಲ್ಲಿ ಒಬ್ಬನಿಗೆ ಮಾತ್ರ ಹೇಳಿಕೊಂಡಿದ್ದ, ಜೊತೆಯಲ್ಲಿ ಓದುವ ಕೊಟ್ರಯ್ಯನಿಗೆ. ಊಟದ ಪಂಕ್ತಿಯಲ್ಲಿ ಯಾವುದೋ ಮಾತಿಗೆ ಮಾತು ಬೆಳೆದು ಕೊಟ್ರಯ್ಯ ಅದನ್ನು ಎಲ್ಲರೆದುರು ಆಡಿಬಿಟ್ಟ. ಆಮೇಲೆ ಅತ್ತು ತಪ್ಪೊಪ್ಪಿಕೊಂಡ. ಮರುಳಯ್ಯ ಕ್ಷಮಿಸಿದೆ ಎಂದ. ಆದರೆ ಕೊಟ್ರಯ್ಯನ ಮುಖ ಕಂಡಾಗಲೆಲ್ಲ ಆ ಪಂಕ್ತಿ ನೆನಪಾಗುತ್ತಿತ್ತು.

“ಅವನನ್ನು ಶಾಖಾಮಠಕ್ಕೆ ಕಳುಹಿಸಿಬಿಡಿ. ಕಣ್ಣಿಗೆ ಬೀಳದಿದ್ದರೆ ನನ್ನ ಮನಸ್ಸು ಮೊದಲಿನಂತಾಗುತ್ತದೆ” ಎಂದ.

ಗುರುಗಳು ಒಂದು ಕತೆ ಹೇಳಿದರು.

ಒಂದು ನದಿಯಲ್ಲಿ ಇಬ್ಬರು ಅಂಬಿಗರು ಒಂದೇ ದೋಣಿ ನಡೆಸುತ್ತಿದ್ದರು. ಅವರಲ್ಲಿ ಹಿರಿಯನ ಬಳಿ ಮಡಚುವ ಚಾಕು ಇತ್ತು. ಅದರ ಅಲಗಿಗೆ ಗರಗಸದಂತೆ ಹಲ್ಲುಗಳಿದ್ದವು. ನೆನೆದ ತೆಂಗಿನ ನಾರಿನ ಹಗ್ಗವನ್ನು ಅದು ಮೂರೇ ಎಳೆತಕ್ಕೆ ತುಂಡರಿಸುತ್ತಿತ್ತು. ಆ ಹಿರಿಯ ಅಂಬಿಗನಿಗೆ ಅದರ ಮೇಲೆ ಬಹಳ ಅಕ್ಕರೆ.

ಒಂದು ದಿನ ಅವನ ಜೊತೆಗಾರ ಪೆಟ್ಟಿಗೆಯೊಂದರ ಕಬ್ಬಿಣದ ಪಟ್ಟಿಯನ್ನು ಆ ಚಾಕುವಿನಿಂದ ಮೀಟಿದ. ಎರಡು ಹಲ್ಲುಗಳು ಮುರಿದವು. ಅವನು ಅದನ್ನು ಬಚ್ಚಿಡಲಿಲ್ಲ. ತಾನಾಗಿ ತಂದು ಕೈಗಿಟ್ಟ.

“ಉಳಿ ಹುಡುಕುವಷ್ಟು ತಾಳ್ಮೆ ಇರಲಿಲ್ಲ. ನನ್ನಿಂದ ತಪ್ಪಾಯಿತು” ಎಂದ.

“ಆಗಲಿ ಬಿಡು” ಎಂದ ಅಂಬಿಗ.

ಅನ್ನುವುದೇನೋ ಅಂದ. ಆದರೆ ಚಾಕು ಬಿಚ್ಚಿದಾಗಲೆಲ್ಲ ಅವನ ಕಣ್ಣು ನೇರ ಮುರಿದ ಕಡೆಗೇ ಹೋಗುತ್ತಿತ್ತು. ಉಳಿದ ಹಲ್ಲುಗಳು ಕಾಣುತ್ತಲೇ ಇರಲಿಲ್ಲ. ಜೊತೆಗಾರ ಹುಟ್ಟು ಹಾಕುತ್ತ ಹಾಡಿದರೂ ಇವನಿಗೆ ಹಿತವಾಗುತ್ತಿರಲಿಲ್ಲ.

ಆ ಊರಿನಲ್ಲಿ ಬಡಗಿಗಳ ಗರಗಸಗಳನ್ನು ಹರಿತ ಮಾಡುವ ಮುದುಕಿಯೊಬ್ಬಳಿದ್ದಳು. ಅಂಬಿಗ ಅವಳ ಬಳಿಗೆ ಹೋದ. ಅವಳು ಪ್ರತಿ ಹಲ್ಲಿನ ಸಂದಿಗೂ ದೀಪದ ಮಸಿ ಹಚ್ಚಿದಳು. ಇಲಿಬಾಲದಂಥ ಸಣ್ಣ ದುಂಡು ಅರವನ್ನು ಒಂದೊಂದೇ ಸಂದಿಯಲ್ಲಿಟ್ಟು, ಅಲಗಿನ ಇಳಿಜಾರಾಗಿರುವ ಒಂದು ಮಗ್ಗುಲಿನಿಂದ ಮಾತ್ರ, ಮಸಿ ಹೋಗುವ ತನಕ ಉಜ್ಜಿದಳು. ಇನ್ನೊಂದು ಮಗ್ಗುಲನ್ನು ಹೆಬ್ಬೆರಳಿನಿಂದ ಸವರಿ, ಎದ್ದಿದ್ದ ತೆಳು ಅಂಚನ್ನು ಕಲ್ಲಿನ ಮೇಲೆ ಹಗುರಾಗಿ ಎಳೆದು ತೆಗೆದಳು. ಮುರಿದ ಎರಡು ಹಲ್ಲುಗಳ ಬಳಿ ಹಗ್ಗ ಸಿಕ್ಕಿಕೊಳ್ಳದಷ್ಟು ನಯ ಮಾಡಿ, ಮೊಂಡಾಗಿದ್ದಲ್ಲಿ ಹರಿತ ತಂದು ಬಿಟ್ಟಳು.

“ಇನ್ನು ಕತ್ತರಿಸುತ್ತದೆ, ತೆಗೆದುಕೊಂಡು ಹೋಗು” ಎಂದಳು.

“ಮುರಿದದ್ದು ಇನ್ನೂ ಕಾಣುತ್ತದಲ್ಲ?”

“ಕಾಣುತ್ತದೆ. ಅದು ಕಾಣಬಾರದು ಅಂದರೆ ಚೆನ್ನಾಗಿರುವ ಹಲ್ಲುಗಳನ್ನೆಲ್ಲ ತೇಯಬೇಕು. ಆ ಕೆಲಸ ನನ್ನಿಂದಾಗದು.”

ಅಂಬಿಗನಿಗೆ ಸಮಾಧಾನವಾಗಲಿಲ್ಲ. ಸಂತೆಯಲ್ಲಿ ಸಾಣೆ ಚಕ್ರ ಇಟ್ಟುಕೊಂಡವನ ಬಳಿಗೆ ಹೋದ. ಚಕ್ರ ತಿರುಗಿತು, ಕಿಡಿ ಹಾರಿತು. ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಅಲಗು ನೇರವಾಗಿ ಹೊಳೆಯುತ್ತಿತ್ತು. ಮುರಿದ ಗುರುತೂ ಇಲ್ಲ, ಹಲ್ಲೂ ಇಲ್ಲ. ಅಂಬಿಗನ ಎದೆ ಹಗುರಾಯಿತು. ಜೊತೆಗಾರನಿಗೆ ತೋರಿಸಿ, “ನೋಡು, ಏನೂ ಆಗಿಯೇ ಇಲ್ಲ ಅನ್ನುವ ಹಾಗಿದೆ” ಎಂದ. ಜೊತೆಗಾರ ಅಲಗಿನ ಮೇಲೆ ಬೆರಳಾಡಿಸಿದ. ಮಡಚಿ ಹಿಂದಕ್ಕೆ ಕೊಟ್ಟ.

ಮಳೆಗಾಲದ ಹೊಸ ನೀರು ಬಂತು. ಒಂದು ಬೆಳಿಗ್ಗೆ ಹನ್ನೊಂದು ಜನರನ್ನು ಕೂರಿಸಿಕೊಂಡು ದೋಣಿ ನಡುನೀರಿನಲ್ಲಿತ್ತು. ಬುಡಸಮೇತ ಕಿತ್ತುಬಂದ ಮರವೊಂದು ತೇಲಿ ಬಂತು. ದೋಣಿಯ ಮೂತಿಗೆ ಕಟ್ಟಿದ್ದ ಹಗ್ಗ ನೀರಿಗೆ ಜಾರಿ ಅದರ ಬೇರುಗಳಿಗೆ ಸುತ್ತಿಕೊಂಡಿತು. ಮರ ದೋಣಿಯನ್ನು ಎಳೆದುಕೊಂಡು ಹೊರಟಿತು. ಮೂತಿ ತಗ್ಗಿತು, ಒಳಗೆ ನೀರು ನುಗ್ಗಿತು. ಮಡಿಲ ಕೂಸನ್ನು ಅವಚಿಕೊಂಡು ಹೆಂಗಸೊಬ್ಬಳು ಕೂಗಿಕೊಂಡಳು.

ಅಂಬಿಗ ಚಾಕು ಬಿಚ್ಚಿ ಹಗ್ಗಕ್ಕೆ ಹಾಕಿದ. ಅಲ್ಲಾಡುತ್ತಿದ್ದ ನೆನೆದ ನಾರಿನ ಮೇಲೆ ಅಲಗು ಮೀನಿನ ಬೆನ್ನ ಮೇಲಿನಂತೆ ಜಾರಿತು. ಮತ್ತೆ ಹಾಕಿದ. ಮತ್ತೆ ಜಾರಿತು.

ಜೊತೆಗಾರ ಹುಟ್ಟು ಬಿಸುಟು ಬಂದು ಮೂತಿಯ ಮೇಲೆ ಬೋರಲು ಬಿದ್ದ. ಎರಡೂ ಕೈಯಲ್ಲಿ ಹಗ್ಗವನ್ನು ಬಿಗಿಯಾಗಿ ಎಳೆದು ಅಲುಗದಂತೆ ಹಿಡಿದ.

“ಈಗ ಕೊಯ್ಯಿ!” ಎಂದ.

ಅಲಗು ಕಚ್ಚಿತು. ಒಂದೊಂದೇ ಎಳೆ ಹರಿಯಿತು. ಅಷ್ಟು ಹೊತ್ತೂ ಮರದ ಜಗ್ಗಾಟಕ್ಕೆ ಹಗ್ಗ ಜೊತೆಗಾರನ ಅಂಗೈಯಲ್ಲಿ ಉಜ್ಜುತ್ತಲೇ ಇತ್ತು. ಅವನು ಬಿಡಲಿಲ್ಲ. ಕೊನೆಯ ಎಳೆ ಹರಿದಾಗ ಮರ ತನ್ನ ದಾರಿ ಹಿಡಿಯಿತು, ದೋಣಿ ಮೇಲೆದ್ದಿತು. ಹನ್ನೊಂದು ಜನರೂ ದಡ ಸೇರಿದರು.

ಜೊತೆಗಾರನ ಅಂಗೈಯಲ್ಲಿ ಚರ್ಮವೇ ಉಳಿದಿರಲಿಲ್ಲ. ಅಂಬಿಗ ತನ್ನ ತಲೆವಸ್ತ್ರ ಹರಿದು ಕಟ್ಟುತ್ತ ಹೇಳಿದ, “ಹಲ್ಲು ಇದ್ದಿದ್ದರೆ ನಿನ್ನ ಕೈ ಉಳಿಯುತ್ತಿತ್ತು. ಎರಡಕ್ಕಾಗಿ ಎಲ್ಲವನ್ನೂ ನಾನೇ ಕಳೆದೆ.”

“ಕೈ ಮಾಯುತ್ತದೆ. ಅಲ್ಲಿಯವರೆಗೆ ದೋಣಿ ನೀನೊಬ್ಬನೇ ನಡೆಸಬೇಕು, ಅದನ್ನು ಯೋಚಿಸು” ಎಂದ ಜೊತೆಗಾರ. ನೋವಿನಲ್ಲೂ ನಕ್ಕ.

ಅಂಬಿಗ ಅಂದೇ ಮುದುಕಿಯ ಮನೆಗೆ ಹೋದ. ಅವಳು ಚಾಕುವನ್ನು ಬೆಳಕಿಗೆ ಹಿಡಿದು ನೋಡಿದಳು. ಬಯ್ಯಲಿಲ್ಲ.

“ಅಲಗು ಬಹಳ ಸವೆದಿದೆ. ಬುಡದ ಕಡೆ ಆರು ಹಲ್ಲು ಕೊರೆಯಬಹುದು. ಅವೂ ಆಳವಾಗಿರುವುದಿಲ್ಲ” ಎಂದಳು.

“ಆರಾದರೂ ಇರಲಿ” ಎಂದು ಅಂಬಿಗ ಅವಳ ಬಾಗಿಲಲ್ಲೇ ಕುಳಿತ.

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯ ತಲೆ ತಗ್ಗಿಸಿಯೇ ಕೇಳಿದ, “ಹಾಗಾದರೆ ಕಲೆ ಹೋಗುವುದೇ ಇಲ್ಲವೇ ಗುರುಗಳೇ?”

“ಮರುಳಯ್ಯ, ನೀನು ಅಳಿಸಲು ಹೊರಟಿರುವುದು ಕೊಟ್ರಯ್ಯನ ತಪ್ಪನ್ನೋ, ಕೊಟ್ರಯ್ಯನನ್ನೋ?”

ಅಂದಿನ ಊಟದ ಪಂಕ್ತಿಯಲ್ಲಿ ಮರುಳಯ್ಯ ಕೊಟ್ರಯ್ಯನ ಪಕ್ಕದಲ್ಲಿ ಹೋಗಿ ಕುಳಿತ.