ಹಗ್ಗ ಕಟ್ಟಿದ ಹಲಗೆ

ಹೊಳೆಯ ದಂಡೆಯಲ್ಲಿ ಒಂದು ಗಾಲ್ಫ್ ಕ್ಲಬ್ ಇತ್ತು. ಅಲ್ಲಿ ಒಬ್ಬರು ಗುರು, ಅವರಿಗೊಬ್ಬ ಶಿಷ್ಯ. ಮಿಕ್ಕ ಸದಸ್ಯರು ಒಳಗೆ ಕೂತು ಇಸ್ಪೀಟು ಆಡುತ್ತಿದ್ದರು.

ಗುರುವಿನ ಹೆಸರು ಹಾಲಪ್ಪ. ಊರಿನ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು. ನಿವೃತ್ತರಾದ ಮೇಲೆ ಕ್ಲಬ್ಬಿನವರು ಅವರನ್ನು ಸದಸ್ಯರನ್ನಾಗಿ ಮಾಡಿಕೊಂಡು, ಹೊಸಬರಿಗೆ ಆಟ ಹೇಳಿಕೊಡಿ ಎಂದಿದ್ದರು. ಬರಬರುತ್ತಾ ಹೊಸಬರು ಬರುವುದು ನಿಂತುಹೋಯಿತು. ಮೇಷ್ಟ್ರು ಮಾತ್ರ ದಿನಾ ಬೆಳಿಗ್ಗೆ ಬಂದು, ಟೋಪಿ ಹಾಕಿಕೊಂಡು, ಆಟ ಶುರು ಮಾಡುವ ಜಾಗವಾದ ಮೊದಲನೇ ಟೀ ಪಕ್ಕದ ಕಲ್ಲುಬೆಂಚಿನ ಮೇಲೆ ಕೂರುತ್ತಿದ್ದರು.

ಶಿಷ್ಯ ಪೂರ್ಣೇಶ. ಪೇಟೆಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟಿದ್ದ. ಅವನಿಗೆ ಗಾಲ್ಫ್ ಹುಚ್ಚು ಅಂದರೆ ಅಂಥಿಂಥ ಹುಚ್ಚಲ್ಲ. ಯಾವ ದೇಶದ ಪಂದ್ಯ ಯಾರು ಗೆದ್ದರು, ಯಾರ ಮಣಿಕಟ್ಟು ಎಲ್ಲಿ ತಿರುಗುತ್ತದೆ, ಯಾರು ಕೋಚ್ ಬದಲಾಯಿಸಿ ಕೆಟ್ಟರು, ಎಲ್ಲವೂ ನಾಲಿಗೆ ತುದಿಯಲ್ಲಿತ್ತು. ಇಷ್ಟೆಲ್ಲ ತಿಳಿದವನು ತಾನೇ ಹೊಡೆದರೆ ಚೆಂಡು ಸೀದಾ ಹೊಳೆಗೆ ಬೀಳುತ್ತಿತ್ತು.

ಮೊದಲ ದಿನವೇ ಅವನು ಕೇಳಿದ್ದ. "ಇದೇನು ಮೇಷ್ಟ್ರೇ, ಟಿವೀಲಿ ನೋಡಿದ್ರೆ ಕುಳಿ ಸುತ್ತ ಹಸಿರು ಹುಲ್ಲು ಜಮಖಾನ ಹಾಸಿದ ಹಾಗಿರತ್ತೆ. ಇಲ್ಲಿ ಬರೀ ಮರಳು!"

"ಅವರದ್ದು ಗ್ರೀನ್. ನಮ್ಮದು ಬ್ರೌನ್" ಎಂದರು ಮೇಷ್ಟ್ರು. "ಹುಲ್ಲು ಸಾಕೋಕೆ ನೀರು ಬೇಕು, ಆಳು ಬೇಕು. ಅದಕ್ಕೆ ಹಿಂದಿನವರು ಮರಳಿಗೆ ಎಣ್ಣೆ ಕಲಸಿ ಹಾಸಿದ್ರು."

ಆಟ ಮುಗಿಯಿತು. ಮರಳಿನ ಮೇಲೆಲ್ಲ ಬೂಟಿನ ಗುರುತು, ಚೆಂಡು ಉರುಳಿದ ಗೆರೆ. ಮೇಷ್ಟ್ರು ಪಕ್ಕದಲ್ಲಿ ಬಿದ್ದಿದ್ದ ಹಲಗೆಯೊಂದನ್ನು ತೋರಿಸಿದರು. ಅದಕ್ಕೊಂದು ಹಗ್ಗ ಕಟ್ಟಿತ್ತು.

"ಕುಳಿಯಿಂದ ಶುರು ಮಾಡಿ ಸುತ್ತ ಎಳ್ಕೊಂಡು ಬಾ. ಕಡೆಗೆ ಆಡಿದವನು ಸವರಿ ಹೋಗಬೇಕು. ಇಲ್ಲಿ ಅದೇ ಪದ್ಧತಿ."

ಪೂರ್ಣೇಶ ಹಿಂತಿರುಗಿ ನೋಡಿದ. ಮೈದಾನದ ಉದ್ದಕ್ಕೂ ಒಂದು ನರಪಿಳ್ಳೆ ಇರಲಿಲ್ಲ. ಎಮ್ಮೆಯೊಂದು ಮೇಯುತ್ತಿತ್ತು.

"ಯಾರಿಗೋಸ್ಕರ ಮೇಷ್ಟ್ರೇ? ನಮ್ಮ ಹಿಂದೆ ಯಾರೂ ಬರ್ತಿಲ್ವಲ್ಲ."

ಮೇಷ್ಟ್ರು ಹಗ್ಗ ಎತ್ತಿ ಅವನ ಕೈಗೆ ಕೊಟ್ಟರು. ಪೂರ್ಣೇಶ ಗೊಣಗುತ್ತ ಎಳೆದ.

ಇನ್ನೊಂದು ಸಲ ಮೇಷ್ಟ್ರು ಹೊಡೆಯಲು ನಿಂತಿದ್ದಾಗ ಹುಲ್ಲಿನೊಳಗೆ ಚೆಂಡು ಒಂದಿಷ್ಟು ಅಲುಗಿತು. ಎಳ್ಳಷ್ಟು ಅಷ್ಟೆ. ಮೇಷ್ಟ್ರು ದಂಡವೆಂದು ತಮ್ಮ ಲೆಕ್ಕಕ್ಕೆ ತಾವೇ ಒಂದು ಹೊಡೆತ ಸೇರಿಸಿಕೊಂಡರು.

"ಯಾರು ನೋಡಿದ್ರು ಮೇಷ್ಟ್ರೇ?" ಎಂದ ಪೂರ್ಣೇಶ.

"ನಾನಿದ್ದೆನಲ್ಲ" ಎಂದರು ಮೇಷ್ಟ್ರು.

ಆ ಮೈದಾನ ಕ್ಲಬ್ಬಿನದಾಗಿರಲಿಲ್ಲ. ರುದ್ರೇಗೌಡರು ಎಂಬ ಹಳೆಯ ಜಮೀನ್ದಾರರು ಆಡಿಕೊಳ್ಳಿ ಎಂದು ಬಿಟ್ಟುಕೊಟ್ಟದ್ದು. ಅದಕ್ಕೆ ಒಂದೇ ಷರತ್ತು. ಪ್ರತಿ ವರ್ಷ ಡಿಸೆಂಬರಿನ ಮೊದಲ ಭಾನುವಾರ ಕಪ್ ಆಟ ನಡೆಯಬೇಕು. ಕಡೇಪಕ್ಷ ಇಬ್ಬರು ಸದಸ್ಯರಾದರೂ ಆಡಬೇಕು, ಊರಿನಲ್ಲಿ ಮಧ್ಯಾಹ್ನ ಹನ್ನೆರಡರ ಸೈರನ್ ಕೂಗುವುದರೊಳಗೆ ಶುರು ಮಾಡಿರಬೇಕು. ಆಟ ನಡೆಯದ ವರ್ಷ ಜಾಗ ಮನೆಯವರಿಗೆ ವಾಪಸ್. ಆಡದವರಿಗೆ ಮೈದಾನ ಯಾಕೆ ಎಂಬುದು ಗೌಡರ ಮಾತು.

ಗೌಡರು ತೀರಿಕೊಂಡು ಬಹಳ ಕಾಲವಾಗಿತ್ತು. ಮೊಮ್ಮಕ್ಕಳಲ್ಲಿ ಗಂಡಸರ ಕಣ್ಣು ಜಾಗದ ಮೇಲಿತ್ತು, ಅಲ್ಲೊಂದು ಕಲ್ಯಾಣ ಮಂಟಪ ಎಬ್ಬಿಸುವ ಯೋಚನೆ. ಮೊಮ್ಮಗಳು ಶಿವಲೀಲಾ ಮಾತ್ರ ಪ್ರತಿ ವರ್ಷ ಆ ದಿನ ಬಂದು, ಕಲ್ಲುಬೆಂಚಿನ ಮೇಲೆ ಕೂತು, ಮೊದಲ ಹೊಡೆತ ನೋಡಿ, ಮನೆಗೆ ಹೋಗಿ "ಆಟ ನಡೀತು" ಎಂದು ಹೇಳುತ್ತಿದ್ದಳು. ಅಣ್ಣಂದಿರು ಬಾಯಿ ಮುಚ್ಚಿಕೊಳ್ಳುತ್ತಿದ್ದರು.

ಒಂದು ಕಾಲಕ್ಕೆ ಕಪ್ ಆಟಕ್ಕೆ ಸರದಿ ಕಾಯಬೇಕಿತ್ತಂತೆ. ಈಗ ಮೂರನೇ ಕುಳಿಯ ಹತ್ತಿರ ಹಂದಿಗಳು ನೆಲ ಗೆಬರಿದ್ದವು. ಆರನೆಯದರ ಸುತ್ತ ಲಂಟಾನ ಬೆಳೆದು, ಒಳಗೆ ಹೋದ ಚೆಂಡು ಹಾವಿನ ಪಾಲಾಗುತ್ತಿತ್ತು.

ಸದಸ್ಯರನ್ನು ಮತ್ತೆ ಆಟಕ್ಕೆ ಎಳೆಯಲು ಉಪಾಯ ಕಂಡುಹಿಡಿದವನು ಪೂರ್ಣೇಶನೇ.

"ದೊಡ್ಡ ಆಟಗಾರರ ಆಟ ನೋಡಿದ್ರೆ ಇವರಿಗೂ ಆಸೆ ಹುಟ್ಟತ್ತೆ ಮೇಷ್ಟ್ರೇ" ಎಂದು ಹೇಳಿ, ಸ್ವಂತ ಖರ್ಚಿನಲ್ಲಿ ಗೋಡೆಯಗಲದ ಟಿವಿ ತಂದು ಜಗಲಿಯ ಒಳಗೋಡೆಗೆ ಹಾಕಿಸಿದ.

ಆ ಜಗಲಿಯಲ್ಲಿ ಸಾಲಾಗಿ ಬೆತ್ತದ ಕುರ್ಚಿಗಳಿದ್ದವು. ಕ್ಲಬ್ ಹುಟ್ಟಿದಾಗಿನಿಂದ ಅವು ಮೈದಾನದ ಕಡೆ ಮುಖ ಮಾಡಿಕೊಂಡಿದ್ದವು. ಟಿವಿ ಬಂದ ವಾರವೇ ಅವನ್ನೆಲ್ಲ ಯಾರೋ ಗೋಡೆಯ ಕಡೆ ತಿರುಗಿಸಿದರು.

ಉಪಾಯ ಫಲಿಸಿತು. ಇಸ್ಪೀಟು ಮೂಲೆ ಸೇರಿತು. ಎಲ್ಲರ ಬಾಯಲ್ಲೂ ಗಾಲ್ಫ್. ಜನ್ಮದಲ್ಲಿ ಕೋಲು ಹಿಡಿಯದವರು ಕೂಡ ವಿಶ್ವ ಚಾಂಪಿಯನ್ನನಿಗೆ ಬುದ್ಧಿ ಹೇಳತೊಡಗಿದರು. ಕ್ಲಬ್ ತುಂಬಿತು. ಮೈದಾನಕ್ಕೆ ಮಾತ್ರ ಒಬ್ಬನೂ ಇಳಿಯಲಿಲ್ಲ.

"ನೋಡಿದ್ರಾ ಮೇಷ್ಟ್ರೇ, ಹೇಗೆ ಬದಲಾಗಿದೆ!" ಎಂದ ಪೂರ್ಣೇಶ.

ಮೇಷ್ಟ್ರು ಒಂದು ಕುರ್ಚಿ ಎತ್ತಿ, ಮೈದಾನದ ಕಡೆ ತಿರುಗಿಸಿ ಹಾಕಿಕೊಂಡು ಕೂತರು.

"ಟಿವಿ ಈ ಕಡೆ ಇದೆ ಮೇಷ್ಟ್ರೇ."

"ಗೊತ್ತು ಕಣಯ್ಯಾ."

ಅವರು ಎದ್ದು ಹೋದ ಮೇಲೆ ಯಾರೋ ಆ ಕುರ್ಚಿಯನ್ನೂ ತಿರುಗಿಸಿದರು. ಆಗ ಪೂರ್ಣೇಶ ಅದನ್ನು ಕಂಡೂ ಸುಮ್ಮನಿದ್ದ. ಮುಂದೆ ಬಹಳ ದಿನ ಅವನಿಗೆ ಆ ಕುರ್ಚಿಯೇ ನೆನಪಾಗುತ್ತಿತ್ತು.

ಆ ವರ್ಷದ ಕಪ್ ಆಟದ ಹಿಂದಿನ ಸಂಜೆ ಮೇಷ್ಟ್ರು ಅಂಗಡಿಗೆ ಬಂದರು.

"ಈ ಸಲವೂ ನಾವಿಬ್ಬರೇ. ನೀನು ಬರದಿದ್ರೆ ಮುಗೀತು. ಒಂಬತ್ತಕ್ಕೆ ಬರ್ತೀಯ ತಾನೇ?"

"ಏನ್ ಮೇಷ್ಟ್ರೇ ನೀವು! ಪ್ರಾಣ ಬೇಕಾದ್ರೆ ಬಿಟ್ಟೇನು, ಕಪ್ ಆಟ ಬಿಡ್ತೀನಾ?"

ಅವನು ಸುಳ್ಳು ಹೇಳಲಿಲ್ಲ. ಮರುದಿನ ಒಂಬತ್ತಕ್ಕೆ ಮುಂಚೆಯೇ ಚೀಲ ಹೆಗಲಿಗೇರಿಸಿಕೊಂಡು ಬಂದ. ಬಂದವನು ಮೈದಾನಕ್ಕೆ ಹೋಗಲು ಜಗಲಿ ದಾಟಬೇಕಿತ್ತು.

ಜಗಲಿಯಲ್ಲಿ ಟಿವಿ ಹಾಕಿತ್ತು. ಪೂರ್ವದ ಯಾವುದೋ ದೇಶದಲ್ಲಿ ದೊಡ್ಡ ಪಂದ್ಯದ ಕಡೆಯ ದಿನ. ಪೂರ್ಣೇಶ ಚಿಕ್ಕಂದಿನಿಂದ ದೇವರಂತೆ ಕಂಡಿದ್ದ ಆಟಗಾರ ಅಲ್ಲಿದ್ದ. ಮಂಡಿ ನೋವು, ನರೆತ ತಲೆ, ಎಷ್ಟೋ ವರ್ಷದಿಂದ ಒಂದು ಗೆಲುವೂ ಇಲ್ಲ. ಎಲ್ಲರೂ ಕೈಬಿಟ್ಟಿದ್ದ ಅಂಥವನು ಅಂದು ಎಲ್ಲರಿಗಿಂತ ಮುಂದಿದ್ದ.

ಒಂದು ಹೋಲ್, ಒಂದೇ ಕುಳಿಯ ಆಟ, ನೋಡಿಕೊಂಡು ಹೋಗೋಣ ಎಂದು ಪೂರ್ಣೇಶ ಬಾಗಿಲ ಬಳಿ ನಿಂತ. ಚೀಲ ಹೆಗಲ ಮೇಲೇ ಇತ್ತು.

ಆಮೇಲೆ ಚೀಲ ಕೆಳಗಿಟ್ಟ. ಆಮೇಲೆ ಕೂತ. ಹನ್ನೆರಡಕ್ಕಿನ್ನೂ ಬೇಕಾದಷ್ಟು ಹೊತ್ತಿತ್ತು. ಮೇಷ್ಟ್ರು ಎಲ್ಲಿಗೆ ಹೋಗುತ್ತಾರೆ, ಅಲ್ಲೇ ಇರುತ್ತಾರೆ.

ಅಲ್ಲಿ ಪಂದ್ಯ ಸಮವಾಯಿತು. ಇಬ್ಬರೇ ಉಳಿದರು. ಯಾರು ಒಂದು ಹೋಲ್ ಗೆಲ್ಲುತ್ತಾರೋ ಅವರದೇ ಕಪ್. ಒಂದು ಹೋಲ್ ಆಡಿದರು, ಸಮ. ಇನ್ನೊಂದು ಆಡಿದರು, ಸಮ. ಪ್ರತಿ ಸಲವೂ ಪೂರ್ಣೇಶ, ಇದೇ ಕೊನೆ, ಇದಾದ ಕೂಡಲೇ ಹೊರಟೆ ಎಂದುಕೊಂಡ. ಮುದುಕನ ಚೆಂಡು ಮರಳುಗುಂಡಿಗೆ ಬಿತ್ತು. ಜಗಲಿಯಲ್ಲಿ ಯಾರೂ ಉಸಿರಾಡಲಿಲ್ಲ. ಅಲ್ಲಿಂದ ಎತ್ತಿ ಹೊಡೆದ ಚೆಂಡು ಉರುಳಿ ಉರುಳಿ ಕುಳಿಯ ಬಾಯಿಗೆ ಬಂದು ನಿಂತಿತು. ಮುಂದಿನ ಹೋಲಿನಲ್ಲಿ ಅವನು ಗೆದ್ದೇಬಿಟ್ಟ. ಕೂಗು, ಸಿಳ್ಳೆ, ಚಪ್ಪಾಳೆ. ಪೂರ್ಣೇಶನ ಕಣ್ಣಲ್ಲಿ ನೀರು ಬಂತು.

ಈ ಸಂತೋಷವನ್ನು ಮೊದಲು ಮೇಷ್ಟ್ರಿಗೆ ಹೇಳಬೇಕೆಂದು ಅವನು ಚೀಲ ಎತ್ತಿಕೊಂಡು ಓಡಿದ.

"ಗೆದ್ದ ಮೇಷ್ಟ್ರೇ! ಮುದುಕ ಗೆದ್ದ!"

ಮೇಷ್ಟ್ರು ಟೀ ಪಕ್ಕ ನಿಂತಿದ್ದರು. ಟೋಪಿ ಕೈಯಲ್ಲಿತ್ತು. ಬೆಂಚಿನ ಮೇಲೆ ಶಿವಲೀಲಾ ತಲೆ ತಗ್ಗಿಸಿ ಕೂತಿದ್ದಳು.

"ಗೊತ್ತಾಯ್ತು, ಕೂಗು ಕೇಳಿಸ್ತು" ಎಂದರು ಮೇಷ್ಟ್ರು.

"ಶುರು ಮಾಡೋಣ್ವಾ? ಸ್ವಲ್ಪ ತಡವಾಯ್ತು."

"ಸೈರನ್ ಆಗಿಹೋಯ್ತಲ್ಲ ಪೂರ್ಣೇಶ."

ಅವನು ಹೆಗಲ ಮೇಲಿನ ಚೀಲ ಇಳಿಸುವುದನ್ನೂ ಮರೆತು ನಿಂತ. ಹಿಂದೆ ಜಗಲಿಯಲ್ಲಿ ಇನ್ನೂ ಚಪ್ಪಾಳೆ ಹೊಡೆಯುತ್ತಿದ್ದರು.

ಶಿವಲೀಲಾ ಎದ್ದಳು. "ಮೇಷ್ಟ್ರೇ, ಈಗ ತಾನೇ ಕೂಗಿದ್ದು. ನಾನಂತೂ ಕೇಳಿಸ್ಕೊಂಡಿಲ್ಲ ಅಂತೀನಿ. ಬೇಗ ಹೊಡೀರಿ."

"ಹೌದು ಮೇಷ್ಟ್ರೇ!" ಪೂರ್ಣೇಶ ಅವರ ಕೈ ಹಿಡಿದುಕೊಂಡ. "ಅವರೇ ಹೇಳ್ತಿದಾರಲ್ಲ. ಯಾರಿಗೂ ಗೊತ್ತಾಗಲ್ಲ. ನಿಮ್ಮ ಕಾಲಿಗೆ ಬೀಳ್ತೀನಿ, ಹೊಡೀರಿ."

"ನಾನು ಕೇಳಿಸ್ಕೊಂಡಿದೀನಲ್ಲಮ್ಮ" ಎಂದರು ಮೇಷ್ಟ್ರು ಶಿವಲೀಲಾಗೆ.

"ಮನೇಲಿ ಏನು ಹೇಳಲಿ ಮೇಷ್ಟ್ರೇ?"

"ನೋಡಿದ್ದು ಹೇಳು ತಾಯಿ. ನಿಮ್ಮಜ್ಜ ನಮಗೆ ಮೋಸ ಮಾಡ್ಲಿಲ್ಲ, ನಾವೂ ಅವರಿಗೆ ಮಾಡೋದು ಬೇಡ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಹೋದಳು. ಅವಳ ಬೆನ್ನು ಗೇಟು ದಾಟುವವರೆಗೂ ಪೂರ್ಣೇಶ ನೋಡುತ್ತ ನಿಂತ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅವನಿಗೆ. ನಾಚಿಕೆ ತಡೆಯಲಾರದೆ ಅದು ಸಿಟ್ಟಾಗಿ ಹೊರಬಂತು.

"ನಾಲ್ಕು ಹೆಜ್ಜೆ ಮೇಷ್ಟ್ರೇ! ಜಗಲಿ ಇಲ್ಲೇ ಇದೆ. ಬಂದು ಒಂದು ಮಾತು ಕರೀಬಾರ್ದಾಗಿತ್ತಾ?"

"ಬಂದಿದ್ದೆ."

"ಯಾವಾಗ?"

"ಚೆಂಡು ಮರಳುಗುಂಡಿಗೆ ಬಿತ್ತಲ್ಲ, ಆಗ. ನಿನ್ನ ಕುರ್ಚಿ ಹಿಂದೇನೇ ನಿಂತಿದ್ದೆ."

"ಮತ್ತೆ?"

ಮೇಷ್ಟ್ರು ಟೋಪಿಯನ್ನು ಕೈಯಲ್ಲಿ ತಿರುಗಿಸಿದರು.

"ಭುಜ ಮುಟ್ಟೋಣ ಅಂತ ಕೈ ಎತ್ತಿದೆ. ಅಷ್ಟರಲ್ಲಿ ಆ ಮುದುಕ ಹೊಡೆಯೋಕೆ ನಿಂತ. ಹೊಡೀಲಿ, ಆಮೇಲೆ ಕರೆಯೋಣ ಅಂದ್ಕೊಂಡೆ. ಹೊಡೆದ. ಎಂಥಾ ಹೊಡೆತ ಮಾರಾಯ! ನನ್ನ ಜನ್ಮದಲ್ಲಿ ಅಂಥದ್ದು ನೋಡಿಲ್ಲ. ಇನ್ನೊಂದು ನೋಡೋಣ ಅನ್ನಿಸ್ತು. ಸೈರನ್ ಕೂಗಿದಾಗ ನಾನು ಅಲ್ಲೇ, ನಿನ್ನ ಹಿಂದೆ ನಿಂತಿದ್ದೆ."

ಮೇಷ್ಟ್ರು ಬೈದಿದ್ದರೆ ಪೂರ್ಣೇಶ ತಡೆದುಕೊಳ್ಳುತ್ತಿದ್ದ. ಆ ಟಿವಿ ತಂದವನು ತಾನು, ಅದರ ಮುಂದೆ ಅವರನ್ನೂ ನಿಲ್ಲಿಸಿದವನು ತಾನು ಎಂಬುದು ಅವನ ಎದೆಯಲ್ಲಿ ಕಲ್ಲಿನಂತೆ ಕೂತಿತು.

"ನಡಿ, ಆಡೋಣ" ಎಂದರು ಮೇಷ್ಟ್ರು, ಟೋಪಿ ಹಾಕಿಕೊಳ್ಳುತ್ತ.

"ಈಗ ಆಡಿದ್ರೆ ಲೆಕ್ಕಕ್ಕಿಲ್ಲ ಮೇಷ್ಟ್ರೇ."

"ಇಲ್ಲ. ಬಾ."

ಇಬ್ಬರೂ ಆಡಿದರು. ಹಂದಿ ಗೆಬರಿದ ನೆಲ ದಾಟಿದರು. ಲಂಟಾನ ಸರಿಸಿಕೊಂಡು ಆರನೆಯದನ್ನು ಮುಗಿಸಿದರು. ಪ್ರತಿ ಬ್ರೌನಿನಲ್ಲೂ ಮೇಷ್ಟ್ರೇ ಹಲಗೆ ಎಳೆದರು, ಶಿಷ್ಯನಿಗೆ ಹೇಳಲಿಲ್ಲ.

ಯಾವತ್ತೂ ಇಲ್ಲದ ಹಾಗೆ ಅಂದು ಪೂರ್ಣೇಶನ ಚೆಂಡು ನೆಟ್ಟಗೆ ಹೋಗುತ್ತಿತ್ತು. ಹೊಳೆಗೆ ಒಂದೂ ಬೀಳಲಿಲ್ಲ. ಟಿವಿಯಲ್ಲಿ ಕಂಡ ಯಾರ ಮಣಿಕಟ್ಟೂ ಅವನಿಗೆ ನೆನಪಾಗಲಿಲ್ಲ. ಆಟ ಹೀಗಿರುತ್ತದೆ ಎಂದು ಗೊತ್ತಾಗುವ ಹೊತ್ತಿಗೆ ಆಡಲು ಜಾಗವೇ ಇಲ್ಲವಲ್ಲ ಎಂದುಕೊಂಡ.

"ಚೆನ್ನಾಗಿ ಆಡ್ತಿದೀಯ" ಎಂದರು ಮೇಷ್ಟ್ರು.

"ಹೇಳ್ಬೇಡಿ ಮೇಷ್ಟ್ರೇ" ಎಂದ ಅವನು.

ಕಡೆಯ ಕುಳಿ ಹೊಳೆಯ ಪಕ್ಕದಲ್ಲೇ ಇತ್ತು. ಬಿಸಿಲು ಇಳಿದಿತ್ತು. ಮೇಷ್ಟ್ರ ಚೆಂಡು ಮೊದಲು ಒಳಗೆ ಹೋಯಿತು. ಪೂರ್ಣೇಶನದು ಅಂಚಿನಲ್ಲಿ ಒಂದು ಗಳಿಗೆ ತಡೆದು, ಅದೂ ಬಿತ್ತು. ಅವನು ಬಗ್ಗಿ ಎತ್ತಿಕೊಂಡ. ಮರಳಿನ ಮೇಲೆ ಇಬ್ಬರ ಹೆಜ್ಜೆಗಳೂ ಮೂಡಿದ್ದವು.

ಮೇಷ್ಟ್ರು ಬಾವುಟದ ಕೋಲನ್ನು ಮತ್ತೆ ಕುಳಿಗೆ ನೆಟ್ಟರು. ಹಲಗೆಯ ಕಡೆ ನೋಡಿದರು. ಕಡೆಗೆ ಆಡಿದವನು ಪೂರ್ಣೇಶ.

ಅವನು ಅಲುಗಲಿಲ್ಲ.

"ಯಾರಿಗೋಸ್ಕರ ಮೇಷ್ಟ್ರೇ? ಇನ್ನು ಇಲ್ಲಿಗೆ ಆಡೋಕೆ ಯಾರೂ ಬರಲ್ಲ."

ಮೇಷ್ಟ್ರು ಹಗ್ಗ ಎತ್ತಿ ಅವನ ಕೈಗೆ ಕೊಟ್ಟರು.

"ನೀನು ಮೊದಲನೇ ದಿನ ಬಂದಾಗ ಈ ಮರಳು ನುಣ್ಣಗಿತ್ತಲ್ಲ. ಸವರಿ ಹೋದವನಿಗೆ ನೀನು ಬರ್ತೀಯ ಅಂತ ಗೊತ್ತಿತ್ತೇನಯ್ಯಾ?"